ಲಂಗ ತೊಟ್ಟು ಹಾರಿದ ಪೌಲಾ

ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದಲ್ಲಿ, ಆಲ್ಪ್ಸ್ ಪರ್ವತಗಳ ನಡುವೆ ಕಿಟ್ಸ್‌ಬ್ಯೂಹೆಲ್ ಎಂಬ ಪುಟ್ಟ ಊರಿದೆ. ಚಳಿಗಾಲ ಬಂತೆಂದರೆ ಪ್ರವಾಸಿಗರಿಂದ ಗಿಜಿಗುಡುವ ಈ ಊರಿಗೆ ಸ್ಕೀಯಿಂಗ್ ಹುಚ್ಚು ಹಿಡಿಸಿದವನು ಫ್ರಾಂಜ್ ರೈಶ್. ನಾರ್ವೆಯಿಂದ ಸ್ಕೀಗಳನ್ನು ತರಿಸಿಕೊಂಡ ಆತ 1893ರಲ್ಲಿ ಊರಿನ ಪಕ್ಕದ ಬೆಟ್ಟದಿಂದ ಹಿಮದ ಮೇಲೆ ಜಾರಿ ಇಳಿದು ತೋರಿಸಿದ.

ಜಾರುವುದರ ಬೆನ್ನಿಗೇ ಜಿಗಿಯುವ ಆಟವೂ ಬಂತು. ಸ್ಕೀ ಜಂಪಿಂಗ್‌ನಲ್ಲಿ ಆಟಗಾರರು ಇಳಿಜಾರಿನಲ್ಲಿ ರಭಸದಿಂದ ಜಾರಿ ಬಂದು, ಅದರ ತುದಿಯಿಂದ ಗಾಳಿಗೆ ಚಿಮ್ಮಿ, ಕೆಳಗಿನ ಇಳಿಜಾರಿನಲ್ಲಿ ಕಾಲೂರುತ್ತಾರೆ. ಚಿಮ್ಮಿದ ಜಾಗದಿಂದ ಕಾಲೂರಿದ ಜಾಗದವರೆಗಿನ ದೂರವೇ ಜಿಗಿತದ ಅಳತೆ.

ಕಿಟ್ಸ್‌ಬ್ಯೂಹೆಲ್‌ನ ಸಿರಿವಂತ ಮನೆತನದ ಕೌಂಟೆಸ್ ಪೌಲಾ ಲ್ಯಾಂಬರ್ಗ್ 1911ರಲ್ಲಿ 22 ಮೀಟರ್ ಜಿಗಿದಳು. ಕ್ರಿಕೆಟ್ ಪಿಚ್‌ನ ಉದ್ದ 20 ಮೀಟರ್ ಚಿಲ್ಲರೆ; ಅದಕ್ಕಿಂತ ಹೆಚ್ಚು ದೂರ ಗಾಳಿಯಲ್ಲೇ! ಮಹಿಳೆಯರಲ್ಲಿ ಅದು ದಾಖಲೆ. ಇಂದು ಉಡುಪು ತುಸು ಸಡಿಲವಾದರೂ ಹಾರಾಟ ಬದಲಾಗುತ್ತದೆಂದು ಸ್ಪರ್ಧಿಗಳ ಬಟ್ಟೆಯನ್ನು ಅಳೆದು ನೋಡುತ್ತಾರೆ. ಪೌಲಾ ಹಾರಿದ್ದು ಉದ್ದ ಲಂಗ ತೊಟ್ಟು. ಹಾರುವ ಬ್ಯಾರನೆಸ್ ಎಂಬ ಹೆಸರು ಆಕೆಗೆ ಅಂಟಿಕೊಂಡಿತು.

ಜರ್ಮನ್ ಭಾಷೆಯ ಸಚಿತ್ರ ಪತ್ರಿಕೆಯೊಂದು ಈ ದೂರ ಗಂಡಸರಿಗೂ ಚೆನ್ನಾದದ್ದೇ ಎಂದು ಒಪ್ಪಿಕೊಂಡಿತು. ಆದರೆ ಹೆಂಗಸರಿಗೆ ಐಸ್ ಸ್ಕೇಟಿಂಗ್, ಟೆನಿಸ್‌ನಂಥ ಆಟಗಳೇ ಶೋಭೆ, ಕೂದಲು ಕೆದರಿಕೊಂಡು ಹಿಮದಲ್ಲಿ ಉರುಳುವ ಹೆಣ್ಣು ನೋಡಲು ಚಂದವಲ್ಲ ಎಂದೂ ಬರೆಯಿತು. ಅಳತೆಪಟ್ಟಿ ಹೇಳಿದ್ದು 22 ಮೀಟರ್. ಪತ್ರಿಕೆಯ ಕಣ್ಣಿಗೆ ಬಿದ್ದದ್ದು ಕೆದರಿದ ಕೂದಲು.

ಇದು ಒಂದು ಪತ್ರಿಕೆಯ ಮಾತಾಗಿದ್ದರೆ ಮರೆತುಬಿಡಬಹುದಿತ್ತು. 1924ರಲ್ಲಿ ಶಾಮೊನಿಯಲ್ಲಿ ನಡೆದ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಲ್ಲೇ ಸ್ಕೀ ಜಂಪಿಂಗ್ ಇತ್ತು, ಆದರೆ ಪುರುಷರಿಗೆ ಮಾತ್ರ. ಹೆಣ್ಣಿನ ದೇಹಕ್ಕೆ ಈ ಆಟ ಒಗ್ಗದು ಎಂಬ ವಾದ 21ನೇ ಶತಮಾನದಲ್ಲೂ ಕೇಳಿಬಂತು. 2003ರಲ್ಲಿ ಆಸ್ಟ್ರಿಯಾದವಳೇ ಆದ ಡ್ಯಾನಿಯೇಲಾ ಇರಾಷ್ಕೊ 200 ಮೀಟರ್ ಹಾರಿದ ಮೊದಲ ಮಹಿಳೆಯಾದಳು. ಆಗಲೂ ಒಲಿಂಪಿಕ್ಸ್ ಬಾಗಿಲು ತೆರೆಯಲಿಲ್ಲ. 2010ರ ವ್ಯಾಂಕೂವರ್ ಕ್ರೀಡಾಕೂಟಕ್ಕೆ ಮುನ್ನ ಜಿಗಿತಗಾರ್ತಿಯರು ಕೆನಡಾದ ನ್ಯಾಯಾಲಯದ ಮೆಟ್ಟಿಲೇರಿದರು. ಇದು ತಾರತಮ್ಯವೇ ಎಂದು ನ್ಯಾಯಾಧೀಶರು ಒಪ್ಪಿದರು. ಆದರೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ದೇಶದ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲವೆಂದು ಕೈಚೆಲ್ಲಿದರು.

ಕೊನೆಗೆ 2014ರಲ್ಲಿ, ರಷ್ಯಾದ ಸೋಚಿಯಲ್ಲಿ ಮಹಿಳೆಯರಿಗೆ ಅವಕಾಶ ಸಿಕ್ಕಿತು. ಜರ್ಮನಿಯ ಕರೀನಾ ಫೋಗ್ಟ್ ಚಿನ್ನ ಗೆದ್ದಳು. 30ರ ವಯಸ್ಸಿನ ಡ್ಯಾನಿಯೇಲಾಗೆ ಬೆಳ್ಳಿ. ಪೌಲಾ ಹಾರಿ 103 ವರ್ಷಗಳಾಗಿದ್ದವು. ಆ ದಿನವನ್ನು ನೋಡಲು ಆಕೆ ಇರಲಿಲ್ಲ.

ಗೆಳತಿಯರೇ, ನಮ್ಮ ಮನೆಯ ಹುಡುಗಿ ಆಟ ಮುಗಿಸಿ ಬೆವರಿಳಿಸುತ್ತಾ ಒಳಗೆ ಬಂದಾಗ, ಎಷ್ಟು ದೂರ ಹಾರಿದೆ ಮಗಳೇ ಎಂದು ಮೊದಲು ಕೇಳೋಣ. ಬಟ್ಟೆ, ಕೂದಲಿನ ಮಾತು ಆಮೇಲಿರಲಿ.