ವರ್ಜೀನಿಯಾ ವುಲ್ಫ್

ಕಾದಂಬರಿಯೆಂದರೆ ಅದರಲ್ಲಿ ಕಥೆಯಿರಬೇಕು, ಕಥೆಯೆಂದರೆ ಏನಾದರೊಂದು ದೊಡ್ಡ ಸಂಗತಿ ನಡೆಯಬೇಕು ಎಂದೇ ನಾನು ತಿಳಿದಿದ್ದೆ. ಆ ತಿಳಿವಳಿಕೆಯನ್ನು ಅಲುಗಿಸಿದವರು ಆಂಗ್ಲ ಲೇಖಕಿ ಶ್ರೀಮತಿ ವರ್ಜೀನಿಯಾ ವುಲ್ಫ್. ಆಕೆಯ ಜೀವನವನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ.

ವರ್ಜೀನಿಯಾ ಜನಿಸಿದ್ದು 1882ನೆಯ ಇಸವಿ ಜನವರಿ 25ರಂದು, ಲಂಡನ್ನಿನಲ್ಲಿ. ತಂದೆ ಲೆಸ್ಲಿ ಸ್ಟೀಫನ್ ಹೆಸರಾಂತ ವಿದ್ವಾಂಸರು. ಅವರು ಗಂಡುಮಕ್ಕಳನ್ನು ಕೇಂಬ್ರಿಜ್‌ಗೆ ಕಳುಹಿಸಿದರು. ಮಗಳಿಗೆ ಆ ಭಾಗ್ಯವಿರಲಿಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಮಹಿಳಾ ವಿಭಾಗದಲ್ಲಿ ಕೆಲವು ಪಾಠಗಳನ್ನು ಕೇಳಿದ್ದುಂಟು. ಉಳಿದಂತೆ ತಂದೆಯ ಪುಸ್ತಕ ಭಂಡಾರವೇ ಆಕೆಯ ವಿದ್ಯಾಲಯ. ಹದಿಮೂರನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ಅಂದಿನಿಂದ ಮನೋವ್ಯಾಧಿ ಆಗಾಗ ಬಾಧಿಸುತ್ತಲೇ ಇತ್ತು.

1912ರಲ್ಲಿ ಲೆನರ್ಡ್ ವುಲ್ಫ್ ಅವರೊಡನೆ ವಿವಾಹವಾಯಿತು. 1917ರಲ್ಲಿ ದಂಪತಿಗಳು ಮನೆಯಲ್ಲಿಯೇ ಕೈಮುದ್ರಣ ಯಂತ್ರವೊಂದನ್ನು ತಂದಿಟ್ಟುಕೊಂಡು ಹೋಗಾರ್ತ್ ಪ್ರೆಸ್ ಆರಂಭಿಸಿದರು. ಅಚ್ಚುಮೊಳೆಗಳನ್ನು ಆಕೆ ಸ್ವತಃ ಜೋಡಿಸುತ್ತಿದ್ದರು. ಮುದ್ರಣಾಲಯ ತಮ್ಮದೇ ಆದಮೇಲೆ ಪ್ರಕಾಶಕರ ಇಷ್ಟಾನಿಷ್ಟಗಳಿಗೆ ಕಾಯುವ ಅಗತ್ಯ ಉಳಿಯಲಿಲ್ಲ; ಮನಸ್ಸಿಗೆ ತೋರಿದಂತೆ ಬರೆಯುವ ಸ್ವಾತಂತ್ರ್ಯ ದೊರಕಿತು.

1925ರಲ್ಲಿ ಬಂದ ಮಿಸೆಸ್ ಡ್ಯಾಲೊವೆ ಕಾದಂಬರಿಯಲ್ಲಿ ನಡೆಯುವುದು ಜೂನ್ ತಿಂಗಳ ಒಂದೇ ದಿನ. ಗೃಹಿಣಿಯೊಬ್ಬಳು ಸಂಜೆಯ ಔತಣಕ್ಕಾಗಿ ಹೂ ತರಲು ಹೊರಡುತ್ತಾಳೆ. ಅದೇ ನಗರದಲ್ಲಿ ಯುದ್ಧದಿಂದ ಮನಸ್ಸು ಒಡೆದ ಸೈನಿಕನೊಬ್ಬ ಅಲೆಯುತ್ತಾನೆ. ಅವರಿಬ್ಬರೂ ಕೊನೆಯವರೆಗೆ ಭೇಟಿಯಾಗುವುದೇ ಇಲ್ಲ. ಹೊರಗಿನ ಘಟನೆಗಳಿಗಿಂತ ಮನಸ್ಸಿನೊಳಗೆ ಹರಿಯುವ ನೆನಪುಗಳೇ ಇಲ್ಲಿ ಕಥೆ. 1927ರ ಟು ದಿ ಲೈಟ್‌ಹೌಸ್‌ನಲ್ಲಿ ಹತ್ತು ವರ್ಷಗಳು ಕೆಲವೇ ಪುಟಗಳಲ್ಲಿ ಸರಿದುಹೋಗುತ್ತವೆ; ಮನೆಯೊಡತಿಯ ಮರಣವೇ ಕಂಸದೊಳಗಿನ ಒಂದು ವಾಕ್ಯವಾಗುತ್ತದೆ. 1931ರ ದಿ ವೇವ್ಸ್ ಆರು ಜನರ ಅಂತರಂಗದ ಮಾತುಗಳಿಂದ ಹೆಣೆದದ್ದು.

ಡ್ಯಾಲೊವೆಯ ಕಥೆಯನ್ನು ಒಂದು ಸಂಜೆ ಅಕ್ಕಿ ಆರಿಸುತ್ತಿದ್ದ ಅವ್ವನಿಗೆ ಹೇಳಿದೆ. ಅವ್ವನಿಗೆ ಅಕ್ಷರ ಬಾರದು. ಎಲ್ಲವನ್ನೂ ಕೇಳಿ, ಅಷ್ಟು ಜನಕ್ಕೆ ಅಡುಗೆ ಮಾಡಿದವರು ಯಾರೆಂದು ಕೇಳಿದಳು. ನಾನು ತಡವರಿಸಿದೆ. ಕಾದಂಬರಿಯಲ್ಲಿ ಅಡುಗೆಯವಳಿದ್ದಾಳೆ, ಆದರೆ ಅವಳಿಗೆ ದಕ್ಕಿರುವುದು ಕೆಲವೇ ಸಾಲುಗಳು. ಹೆಣ್ಣು ಬರೆಯಬೇಕಾದರೆ ವರ್ಷಕ್ಕೆ 500 ಪೌಂಡು ವರಮಾನವೂ ಬೀಗವಿರುವ ಒಂದು ಕೋಣೆಯೂ ಬೇಕೆಂದು 1929ರ ಎ ರೂಮ್ ಆಫ್ ಒನ್ಸ್ ಓನ್ ಗ್ರಂಥದಲ್ಲಿ ಈಕೆ ವಾದಿಸಿದರು. ಆ ಮಾತು ನಿಜವೇ. ಆದರೆ ಇರುವುದೊಂದೇ ಕೋಣೆಯಾದ ಮನೆಯಲ್ಲಿ, ಎಲ್ಲರೂ ಮಲಗಿದ ಮೇಲೆ ನಾನಿದನ್ನು ಬರೆಯುತ್ತಿದ್ದೇನೆ. ಅವ್ವನ ಪ್ರಶ್ನೆಗೆ ಉತ್ತರವನ್ನು ವುಲ್ಫ್ ಬರೆಯಲಿಲ್ಲ. ಅದು ನಮ್ಮಂಥವರ ಪಾಲಿಗೆ ಉಳಿದಿದೆಯೆಂದು ನನಗೆ ತೋರುತ್ತದೆ.

1940ರಲ್ಲಿ ಲಂಡನ್ನಿನ ಮನೆ ಬಾಂಬಿಗೆ ಹಾಳಾಯಿತು. ವ್ಯಾಧಿ ಮತ್ತೆ ಮರುಕಳಿಸಿತು. 1941ರ ಮಾರ್ಚ್ 28ರಂದು, 59ನೆಯ ವಯಸ್ಸಿನಲ್ಲಿ, ಆಕೆ ಸಸೆಕ್ಸ್ ಪ್ರಾಂತದ ಊಸ್ ನದಿಗೆ ತಮ್ಮನ್ನು ಒಪ್ಪಿಸಿಕೊಂಡರು.

ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪೂರ್ಣ ಪದವಿ ಕೊಡಲಾರಂಭಿಸಿದ್ದು 1948ರಲ್ಲಿ, ಆಕೆ ತೀರಿಕೊಂಡ ಏಳು ವರ್ಷಗಳ ಮೇಲೆ. ಅಷ್ಟು ಬರೆದ ಆಕೆಗೆ ಅಲ್ಲಿ ಓದುವ ಅವಕಾಶ ದೊರೆಯಲಿಲ್ಲ. ಇನ್ನೂ ಏನನ್ನೂ ಬರೆಯದ ನಾನು ಈ ವರ್ಷ ಬಿ.ಎ. ಅಂತಿಮ ಪರೀಕ್ಷೆಗೆ ಕೂಡುತ್ತಿದ್ದೇನೆ, ನಮ್ಮ ಮನೆತನದಲ್ಲಿ ಮೊದಲನೆಯವಳಾಗಿ. ಈ ಋಣವನ್ನು ಮರೆಯದಿರುವುದೇ ನಾನು ಆಕೆಗೆ ಸಲ್ಲಿಸಬಹುದಾದ ಗೌರವ.