ಓಬವ್ವ ನೀರಿಗೆ ಹೋದ ದಾರಿ

ಮಕ್ಕಳೇ, ನಿಮ್ಮಲ್ಲಿ ಒನಕೆಯನ್ನು ಕೈಯಾರೆ ಎತ್ತಿ ನೋಡಿದವರು ಎಷ್ಟು ಮಂದಿ ಇರುವರೋ ನಾನರಿಯೆ. ಎದೆಮಟ್ಟಕ್ಕಿಂತ ಎತ್ತರವಾಗಿ, ನಡುವೆ ಮುಷ್ಟಿಗೆ ಒದಗುವಂತೆ ತುಸು ಸಣ್ಣಗೆ ಸವೆದು, ತುದಿಯಲ್ಲಿ ಕಬ್ಬಿಣದ ಬಳೆ ತೊಟ್ಟುಕೊಂಡಿರುವ ಗಟ್ಟಿಮರದ ದಂಡವದು. ಹೊಳಲ್ಕೆರೆ ಸೀಮೆಯ ಹಳ್ಳಿಯೊಂದರಲ್ಲಿದ್ದ ನಮ್ಮ ಮನೆಯಲ್ಲಿ, ನೆಲದಲ್ಲಿ ಹೂತ ಒರಳಿನ ಮಗ್ಗುಲ ಗೋಡೆಗೆ ಅದು ಸದಾಕಾಲವೂ ಒರಗಿಕೊಂಡಿರುತ್ತಿತ್ತು. ನನ್ನ ಅಜ್ಜಿಯೂ ಅವಳ ನಾದಿನಿಯೂ ಒಂದೇ ಒರಳಿಗೆ ಎದುರುಬದುರಾಗಿ ನಿಂತು, ಒಬ್ಬಳ ಒನಕೆ ಮೇಲೇಳುವಾಗ ಇನ್ನೊಬ್ಬಳದು ಕೆಳಗಿಳಿಯುವಂತೆ, ಏಟಿಗೊಮ್ಮೆ ‘ಹುಂ’ ಎಂದು ಉಸಿರು ಹೊಮ್ಮಿಸುತ್ತ, ಬಲಗೈ ಸೋತಿತೆಂದರೆ ಲಯ ಕೆಡದ ಹಾಗೆ ದಂಡವನ್ನು ಎಡಗೈಗೆ ದಾಟಿಸಿಕೊಳ್ಳುತ್ತ ನವಣೆ ಕುಟ್ಟುತ್ತಿದ್ದ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಆ ಕೆಲಸದಿಂದ ಜಡ್ಡುಗಟ್ಟಿದ್ದ ಅಜ್ಜಿಯ ಅಂಗೈ ಕೆನ್ನೆಯನ್ನು ಸವರಿದರೆ ಮರದ ತೊಗಟೆ ತಾಗಿದಂತಾಗುತ್ತಿತ್ತು. ಓಬವ್ವನ ಕಥೆಯನ್ನು ನನಗೆ ಮೊದಲು ಹೇಳಿದವಳು ಆ ಅಜ್ಜಿಯೇ.

18ನೆಯ ಶತಮಾನದ ಉತ್ತರಾರ್ಧದಲ್ಲಿ, ಚಿತ್ರದುರ್ಗವನ್ನಾಳಿದ ಕೊನೆಯ ಮದಕರಿನಾಯಕನ ಕಾಲದಲ್ಲಿ, ಹೈದರಾಲಿಯ ಸೈನ್ಯವು ದುರ್ಗಕ್ಕೆ ಮುತ್ತಿಗೆ ಹಾಕಿತ್ತು. ಬೆಟ್ಟದ ಬಂಡೆಗಳನ್ನೇ ಗೋಡೆಗೆ ಕೂಡಿಸಿಕೊಂಡು ಎದ್ದ ಆ ಏಳು ಸುತ್ತಿನ ಕೋಟೆಯನ್ನು ಬಾಗಿಲ ಕಡೆಯಿಂದ ಭೇದಿಸಲಾರದೆ ಬೇಸತ್ತಿದ್ದ ಶತ್ರುಗಳ ಕಣ್ಣಿಗೆ, ಬಂಡೆಗಳ ನಡುವೆ ಒಬ್ಬ ಮನುಷ್ಯ ಮೈ ಕುಗ್ಗಿಸಿ ನುಸುಳಬಹುದಾದ ಕಿಂಡಿಯೊಂದು ಬಿದ್ದಿತು. ಆ ಕಿಂಡಿಯ ಸಮೀಪದ ಬತೇರಿಯನ್ನು ಕಾಯುತ್ತಿದ್ದವನು ಕಹಳೆಯ ಮುದ್ದಹನುಮನೆಂದು ಜನ ಕರೆಯುವ ಕಾವಲುಗಾರ; ಅವನ ಹೆಂಡತಿ ಓಬವ್ವ. ಮಧ್ಯಾಹ್ನ ಗಂಡ ಉಣ್ಣಲು ಕುಳಿತಾಗ ಮನೆಯಲ್ಲಿ ನೀರಿಲ್ಲದ್ದನ್ನು ಕಂಡು, ಉಣ್ಣುವವನನ್ನು ಎಬ್ಬಿಸಬಾರದೆಂದು ಕೊಡವನ್ನೆತ್ತಿಕೊಂಡು ಆಕೆ ಹತ್ತಿರದ ತಣ್ಣೀರು ದೋಣಿಯೆಂಬ ನೀರಿನ ಹೊಂಡಕ್ಕೆ ನಡೆದಳು. ದಾರಿಯಲ್ಲಿ ಕಿಂಡಿಯ ಆಚೆಯಿಂದ ಪಿಸುಮಾತು ಕೇಳಿಸಿತು. ಅವಳು ಮನೆಗೆ ಓಡಿದಳು, ಕೈಗೆ ಸಿಕ್ಕಿದ ಒನಕೆಯನ್ನು ತಂದಳು, ಸೆರಗನ್ನು ಬಿಗಿದು ಕಿಂಡಿಯ ಪಕ್ಕದಲ್ಲಿ ನಿಂತಳು. ತೆವಳುತ್ತ ಒಳಗೆ ಚಾಚಿದ ತಲೆಯ ಮೇಲೆ ಒಂದು ಏಟು. ಬಿದ್ದವನನ್ನು ಬದಿಗೆಳೆದು ಹಿಂದಿನವನಿಗೆ ಇನ್ನೊಂದು. ಉಂಡು ಕೈತೊಳೆಯಲು ನೀರಿಲ್ಲದೆ ಹೆಂಡತಿಯನ್ನು ಹುಡುಕುತ್ತ ಬಂದ ಮುದ್ದಹನುಮ ಹೆಣಗಳ ರಾಶಿಯನ್ನು ಕಂಡು ಕಹಳೆಯೂದಿದನು, ಕೋಟೆ ಎಚ್ಚೆತ್ತಿತು, ಆದರೆ ಓಬವ್ವ ಆ ದಿನ ಉಳಿಯಲಿಲ್ಲ, ಹಿಂದಿನಿಂದ ಬಂದ ಶತ್ರುವೊಬ್ಬನ ಕತ್ತಿಗೆ ಬಲಿಯಾದಳೆಂದು ನಮ್ಮ ಕಡೆಯವರು ಹೇಳುವರು. ದುರ್ಗವು ಕಡೆಗೆ ಹೈದರನ ವಶವಾಗಿ, ಮದಕರಿನಾಯಕನು ಶ್ರೀರಂಗಪಟ್ಟಣದ ಸೆರೆಮನೆಯನ್ನು ಸೇರಿದ್ದು 1779ರಲ್ಲಿ.

ಕತ್ತಿವರಸೆಯನ್ನು ಕಲಿತವಳಲ್ಲ ಅವಳು. ದಿನವೂ ಬೆಳಗಿನ ಜಾವದಲ್ಲಿ ಕಾಳು ಕುಟ್ಟಿ ತೋಳಿಗೆ ಬಂದ ಬಲ, ಏಟು ತಪ್ಪದ ಆ ಲಯ, ಇವೇ ಅವಳಲ್ಲಿದ್ದ ಯುದ್ಧವಿದ್ಯೆ. 1972ರಲ್ಲಿ ಪುಟ್ಟಣ್ಣ ಕಣಗಾಲರು ತರಾಸು ಅವರ ಕಾದಂಬರಿಗಳನ್ನು ಆಧರಿಸಿ ‘ನಾಗರಹಾವು’ ಚಿತ್ರವನ್ನು ತೆಗೆದಾಗ, ಓಬವ್ವನ ಪಾತ್ರದಲ್ಲಿ ಜಯಂತಿಯವರು ಒನಕೆಯನ್ನೆತ್ತಿದ ಆ ದೃಶ್ಯವನ್ನು ಕಂಡು ನಾನು ಕುಳಿತಲ್ಲೇ ಅಜ್ಜಿಯ ‘ಹುಂ’ಕಾರವನ್ನು ಕೇಳಿದೆನು.

ಹೋದ ಅಕ್ಟೋಬರಿನಲ್ಲಿ, ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ತನ್ನ ಕಾಲೇಜನ್ನು ತೋರಿಸಲು ನನ್ನನ್ನು ಕರೆದೊಯ್ದಳು. ಆ ದೇಶದಲ್ಲಿ 1987ರಿಂದ ಅಕ್ಟೋಬರು ಕಪ್ಪು ಜನರ ಇತಿಹಾಸದ ಮಾಸ. ಗ್ರಂಥಾಲಯದ ಮೊಗಸಾಲೆಯುದ್ದಕ್ಕೂ ಚಿತ್ರಗಳನ್ನು ತೂಗುಹಾಕಿದ್ದರು. ವಿದ್ಯಾರ್ಥಿಗಳಲ್ಲಿಯೂ ಅಧ್ಯಾಪಕರಲ್ಲಿಯೂ ವರ್ಣಸಮಾನತೆ ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂಬುದನ್ನು ವಿಶ್ವವಿದ್ಯಾಲಯವು ಮುಚ್ಚುಮರೆಯಿಲ್ಲದೆ ಬರೆದು ಅಂಟಿಸಿದ್ದಿತು. ಅಲ್ಲಿದ್ದ ಒಂದು ಚಿತ್ರದ ಮುಂದೆ ನನ್ನ ಕಾಲು ನಿಂತುಹೋಯಿತು. ಎಲಿಯಟ್ ಅರ್ವಿಟ್ ಎಂಬ ಛಾಯಾಗ್ರಾಹಕನು 1950ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ತೆಗೆದ ಚಿತ್ರವದು: ಗೋಡೆಗೆ ಹೊಂದಿಸಿದ ಎರಡು ಕುಡಿಯುವ ನೀರಿನ ತೊಟ್ಟಿಗಳು, ಒಂದರ ಮೇಲೆ ಬಿಳಿಯರಿಗೆ ಎಂದೂ ಮತ್ತೊಂದರ ಮೇಲೆ ಬಣ್ಣದವರಿಗೆ ಎಂದೂ ಬರೆದಿದೆ; ಎರಡನೆಯದರ ಬಳಿ ಕಪ್ಪು ಮನುಷ್ಯನೊಬ್ಬ ಬಾಗಿದ್ದಾನೆ. ಮೊಮ್ಮಗಳು ನನ್ನ ತೋಳನ್ನು ಹಿಡಿದುಕೊಂಡು, “ಅಜ್ಜ, ನಮ್ಮೂರಲ್ಲಿ ಹೀಗೆಲ್ಲ ಇರಲಿಲ್ಲ, ಅಲ್ವಾ?” ಎಂದಳು. ನನಗೆ ಉತ್ತರ ಬಾಯಿಗೆ ಬರಲಿಲ್ಲ. ಈ ಲೇಖನವೇ ಅವಳಿಗೆ ನಾನು ಕೊಡುವ ಉತ್ತರ.

ಇತ್ತು, ಮಗಳೇ. ನಮ್ಮದು ಮಳೆ ಕಡಿಮೆಯ ಸೀಮೆ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂದರೆ ನೀರಿನ ಬೆಲೆಯನ್ನು ನೀನೇ ಊಹಿಸಿಕೊ. ನಮ್ಮ ಊರಿನ ಸೇದುವ ಬಾವಿಯ ಕಟ್ಟೆಯಿಂದ ಹತ್ತು ಮಾರು ದೂರದಲ್ಲಿ, ಅಸ್ಪೃಶ್ಯರೆಂದು ಊರು ಹೊರಗಿರಿಸಿದ್ದ ಕೇರಿಯ ಹೆಣ್ಣುಮಕ್ಕಳು ಬರಿಗೊಡಗಳನ್ನು ನೆಲಕ್ಕಿಟ್ಟು, ಬಿಸಿಲೇರುವವರೆಗೂ ಕಾದು ನಿಂತಿರುತ್ತಿದ್ದರು. ನನ್ನ ಅಜ್ಜಿ ತನ್ನ ಕೊಡಗಳೆರಡನ್ನೂ ತುಂಬಿಕೊಂಡಾದ ಮೇಲೆ, ಮನಸ್ಸು ಬಂದರೆ, ಇನ್ನೊಂದು ಕೊಡ ಸೇದಿ, ತನ್ನ ಕೊಡ ಅವರದಕ್ಕೆ ಸೋಂಕದಂತೆ ಎತ್ತರದಿಂದ ಸುರಿಯುತ್ತಿದ್ದಳು. ಅರ್ಧ ನೀರು ಕೊಡಕ್ಕೆ, ಅರ್ಧ ಮಣ್ಣಿಗೆ. ನನ್ನ ಕೆನ್ನೆಯನ್ನು ಸವರುತ್ತಿದ್ದ ಅದೇ ಕೈ.

ಓಬವ್ವ ಅಂಥದೇ ಕೇರಿಯೊಂದರ ಮಗಳು. ಛಲವಾದಿ ಸಮುದಾಯದವಳು. ಕಥೆಯನ್ನು ನೂರು ಸಲ ಹೇಳಿದ ನನ್ನ ಅಜ್ಜಿ ಈ ಒಂದು ಮಾತನ್ನು ಎಂದೂ ಹೇಳಲಿಲ್ಲ. ಶಾಲೆಯಲ್ಲಿ ನಾವು ಆ ಕಥೆಯನ್ನು ನಾಟಕವಾಗಿ ಆಡಿದಾಗಲೂ ಯಾರೂ ಹೇಳಲಿಲ್ಲ. ಕೋಟೆಯನ್ನುಳಿಸಿದ ಆ ತಾಯಿ ನಮ್ಮ ಊರಿಗೆ ಕೊಡ ಹಿಡಿದು ಬಂದಿದ್ದರೆ ಆಕೆಯೂ ಹತ್ತು ಮಾರು ದೂರದಲ್ಲಿ ಕಾಯಬೇಕಾಗುತ್ತಿತ್ತೆಂಬುದು, ಎಪ್ಪತ್ತು ದಾಟಿದ ನನಗೆ, ಪರದೇಶದ ಆ ಮೊಗಸಾಲೆಯಲ್ಲಿ ಹೊಳೆಯಿತು. ಅಜ್ಜಿಯನ್ನು ನಾನು ಈಗಲೂ ಪ್ರೀತಿಸುತ್ತೇನೆ. ಆದೊಡೆ ಆ ಪ್ರೀತಿಗಾಗಿ ಬಾವಿಕಟ್ಟೆಯನ್ನು ಮರೆಸಿ ಹೇಳಲಾರೆ.

ನನ್ನನ್ನು ಆ ಚಿತ್ರದ ಮುಂದೆ ನಿಲ್ಲಿಸಿದ ಕಪ್ಪು ಜನರ ಇತಿಹಾಸಮಾಸದ ಮೂಲಪುರುಷನಾದ ಅಮೆರಿಕದ ಕಾರ್ಟರ್ ವುಡ್ಸನ್‌ನನ್ನು ನೀವು ಅರಿತಿರಬೇಕು. ಗುಲಾಮರಾಗಿದ್ದ ತಂದೆತಾಯಿಗಳಿಗೆ 1875ರಲ್ಲಿ ಹುಟ್ಟಿ, ಕಲ್ಲಿದ್ದಲ ಗಣಿಯಲ್ಲಿ ದುಡಿದು, ಇಪ್ಪತ್ತರ ವಯಸ್ಸಿನಲ್ಲಿ ಪ್ರೌಢಶಾಲೆಯನ್ನು ಸೇರಿ, 1912ರಲ್ಲಿ ಹಾರ್ವರ್ಡಿನ ಡಾಕ್ಟರೇಟ್ ಪಡೆದ ಆ ಮಹಾನುಭಾವನು, ತನ್ನ ಜನರ ಸಾಧನೆಗೆ ಪಠ್ಯಪುಸ್ತಕಗಳಲ್ಲಿ ಸ್ಥಳವಿಲ್ಲದ್ದನ್ನು ಕಂಡು 1926ರ ಫೆಬ್ರವರಿಯಲ್ಲಿ ಒಂದು ವಾರದ ಆಚರಣೆಯನ್ನು ಆರಂಭಿಸಿದನು. ಅದನ್ನು ತಿಂಗಳಾಗಿ ಹಿಗ್ಗಿಸಿದವರು ವಿದ್ಯಾರ್ಥಿಗಳು: ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, 1970ರಲ್ಲಿ. ವುಡ್ಸನ್ನನ ವಾರ ಮೊದಲಾದ ಮರುವರ್ಷವೇ, 1927ರ ಮಾರ್ಚ್ 20ರಂದು, ಮಹಾರಾಷ್ಟ್ರದ ಮಹಾಡಿನಲ್ಲಿ ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದು, ಅಸ್ಪೃಶ್ಯರೆನಿಸಿದವರಿಗೆ ಮುಟ್ಟಗೊಡದಿದ್ದ ಚವದಾರ್ ಕೆರೆಗಿಳಿದು ಬೊಗಸೆ ನೀರನ್ನು ಕುಡಿದರು. ಅಲ್ಲಿಯೂ ನೀರೇ, ನೋಡಿರಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ್ದ ಅವರು 1946ರಲ್ಲಿ ಕಪ್ಪು ಜನರ ಧೀಮಂತ ನಾಯಕ ಡುಬಾಯ್ಸರಿಗೆ ಪತ್ರ ಬರೆದರು. ಅವರಿಂದ ಉತ್ತರವೂ ಬಂದಿತು. ಇನ್ನೂ ಹಿಂದೆ, 1873ರಲ್ಲಿ, ಜ್ಯೋತಿಬಾ ಫುಲೆಯವರು ‘ಗುಲಾಮಗಿರಿ’ಯೆಂಬ ತಮ್ಮ ಗ್ರಂಥವನ್ನು ಗುಲಾಮರ ಬಿಡುಗಡೆಗಾಗಿ ಹೋರಾಡಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು.

ಈಚೆಗೆ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯವು 2019ರಲ್ಲಿಯೂ, ಆಗ 23 ಆವರಣಗಳಿದ್ದ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯವು 2022ರಲ್ಲಿಯೂ, ವರ್ಣಭೇದದಂತೆ ಜಾತಿಭೇದವೂ ತಮ್ಮಲ್ಲಿ ನಿಷಿದ್ಧವೆಂದು ಸಾರಿದವು. ಕಡಲು ದಾಟುವಾಗ ನಮ್ಮವರು ಹಪ್ಪಳ, ಸಂಡಿಗೆಯೊಡನೆ ಬಾವಿಕಟ್ಟೆಯನ್ನೂ ಕಟ್ಟಿಕೊಂಡು ಹೋದುದರಿಂದ ಒದಗಿದ ನಿಯಮವದು. ಇದರಿಂದ ನೊಂದುಕೊಂಡವರು ನಮ್ಮ ನಡುವೆ ಇದ್ದಾರೆ; ನಾನು ನೊಂದುಕೊಳ್ಳಲಾರೆ.

2021ರಿಂದ ಕರ್ನಾಟಕ ಸರ್ಕಾರವು ನವೆಂಬರ್ 11ನ್ನು ಓಬವ್ವನ ಜಯಂತಿಯೆಂದು ಆಚರಿಸುತ್ತಿದೆ. ನಿಮ್ಮ ಕಾಲೇಜಿನ ಅಕ್ಟೋಬರಿನ ಚಿತ್ರಗಳು ಗೋಡೆಯಿಂದಿಳಿದ ಹತ್ತೇ ದಿನಕ್ಕೆ ಬರುವ ಹಬ್ಬವಿದು. ಈ ಸಲ ಕಡಲಾಚೆಯ ನಿಮ್ಮ ಕನ್ನಡ ಕೂಟದ ರಾಜ್ಯೋತ್ಸವದ ವೇದಿಕೆಯಲ್ಲಿ ಅವಳ ಪಾತ್ರವನ್ನಾಡುವ ಹುಡುಗಿಯು ಓಬವ್ವ ಯಾವ ಕೇರಿಯವಳೆಂಬುದನ್ನು ಮೊದಲ ಮಾತಿನಲ್ಲಿಯೇ ಹೇಳಲಿ ಎಂದು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಂಡಿದ್ದೇನೆ.

ಊರಿಗೆ ಬಂದಾಗ ಬೆಂಗಳೂರಿನಿಂದ ಹಿರಿಯೂರಿನ ಮೇಲೆ ದುರ್ಗಕ್ಕೆ ಬನ್ನಿರಿ. ಕೋಟೆಯಲ್ಲಿ ಓಬವ್ವನ ಕಿಂಡಿಯೊಳಗೆ ಒಬ್ಬೊಬ್ಬರಾಗಿ ತಲೆ ತಗ್ಗಿಸಿ ನುಸುಳಿರಿ; ಬಂಡೆಯ ತಂಪು ಬೆನ್ನಿಗೆ ತಾಗಲಿ. ಆಮೇಲೆ ಅವಳು ನಡೆದ ದಾರಿಯಲ್ಲಿ ತಣ್ಣೀರು ದೋಣಿಯವರೆಗೆ ಹೋಗೋಣ. ಹೊಳಲ್ಕೆರೆ ಸೀಮೆಯ ನಮ್ಮ ಹಳ್ಳಿಮನೆಯಲ್ಲಿ ಅಜ್ಜಿಯ ಒನಕೆಯನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದೇನೆ. ಎರಡು ಕೈಯಲ್ಲಿ ಎತ್ತಿರಿ, ಭಾರವಿದೆ.