ಬದಲಾವಣೆಯೇ ಸತ್ಯವೆಂದ ಹೆನ್ರಿ ಬರ್ಗ್‌ಸನ್

ಪಾಶ್ಚಾತ್ಯ ತತ್ತ್ವಶಾಸ್ತ್ರದ ಅತಿ ಹಳೆಯ ವಾದಗಳಲ್ಲಿ ಬದಲಾವಣೆಯನ್ನು ಕುರಿತದ್ದೂ ಒಂದು. ಕ್ರಿಸ್ತಪೂರ್ವ 500ರ ಆಸುಪಾಸಿನಲ್ಲಿ ಎಫೆಸಸ್ ನಗರದ ಹೆರಾಕ್ಲಿಟಸ್ ಜಗತ್ತನ್ನು ಹರಿಯುವ ನದಿಗೆ ಹೋಲಿಸಿದ. ಎಲಿಯಾ ನಗರದ ಪಾರ್ಮೆನಿಡೀಸನದು ಅದಕ್ಕೆ ತದ್ವಿರುದ್ಧವಾದ ನಿಲುವು. ಇರುವುದು ಎಂದಿಗೂ ಇದ್ದೇ ಇರುತ್ತದೆ, ಬದಲಾವಣೆ ಎಂಬುದು ಇಂದ್ರಿಯಗಳ ಭ್ರಮೆ ಎಂದು ಆತ ವಾದಿಸಿದ. ನಂತರ ಬಂದ ಪ್ಲೇಟೋ ಬದಲಾಗದ ಆದರ್ಶ ರೂಪಗಳಿಗೇ ಪರಮ ಸತ್ಯದ ಪಟ್ಟ ಕಟ್ಟಿದ. ಅಂದಿನಿಂದ ಸುಮಾರು ಎರಡು ಸಾವಿರ ವರ್ಷಗಳ ಕಾಲ ಸ್ಥಿರವಾದದ್ದು ಶ್ರೇಷ್ಠ, ಚಲಿಸುವಂಥದ್ದು ಕನಿಷ್ಠ ಎಂಬ ಭಾವನೆ ಯುರೋಪಿನ ಚಿಂತನೆಯಲ್ಲಿ ಬೇರೂರಿತು.

ಆ ಭಾವನೆಯನ್ನು ಬುಡಸಹಿತ ಅಲುಗಾಡಿಸಿದವರಲ್ಲಿ ಫ್ರಾನ್ಸ್‌ನ ಹೆನ್ರಿ ಬರ್ಗ್‌ಸನ್ ಪ್ರಮುಖರು. ಬದಲಾವಣೆಯೇ ವಾಸ್ತವ ಎಂದು ಜೀವನಪೂರ್ತಿ ಬೋಧಿಸಿದ ಈ ತತ್ತ್ವಜ್ಞಾನಿ ತಮ್ಮ ಇಳಿವಯಸ್ಸಿನಲ್ಲಿ, ಒಂದು ಮುಖ್ಯ ವಿಷಯದಲ್ಲಿ ಮಾತ್ರ, ತಾವು ಬದಲಾಗಕೂಡದೆಂದು ತೀರ್ಮಾನಿಸಿದರು. ಮೇಲ್ನೋಟಕ್ಕೆ ಇದು ವಿರೋಧಾಭಾಸದಂತೆ ಕಾಣುತ್ತದೆ. ಅವರ ಬದುಕನ್ನೂ ಬರಹವನ್ನೂ ಒಟ್ಟಿಗೆ ನೋಡಿದಾಗ ಹಾಗೆ ತೋರುವುದಿಲ್ಲ.

ಗಣಿತದ ಮನೆಯಿಂದ ಹೊರಬಿದ್ದ ಹುಡುಗ

ಬರ್ಗ್‌ಸನ್ ಹುಟ್ಟಿದ್ದು ಪ್ಯಾರಿಸ್‌ನಲ್ಲಿ, 1859ರ ಅಕ್ಟೋಬರ್ 18ರಂದು. ಡಾರ್ವಿನ್ನರ ಜೀವಜಾತಿಗಳ ಉಗಮ ಕುರಿತ ಗ್ರಂಥ ಪ್ರಕಟವಾದದ್ದೂ ಅದೇ ವರ್ಷ. ತಂದೆ ಮೈಕೆಲ್ ಬರ್ಗ್‌ಸನ್ ಪೋಲೆಂಡ್ ಮೂಲದ ಯಹೂದಿ. ಪಿಯಾನೋ ವಾದಕ ಮತ್ತು ಸಂಗೀತ ರಚನಕಾರ. ತಾಯಿ ಕ್ಯಾಥರೀನ್ ಇಂಗ್ಲೆಂಡಿನ ಯಹೂದಿ ಕುಟುಂಬದವರು. ಮುಂದೆ ಕುಟುಂಬ ಲಂಡನ್ನಿಗೆ ತೆರಳಿದಾಗ ಬಾಲಕ ಹೆನ್ರಿ ವಿದ್ಯಾರ್ಥಿವೇತನದ ಆಸರೆಯಲ್ಲಿ ಪ್ಯಾರಿಸ್‌ನಲ್ಲೇ ಉಳಿದು ಓದು ಮುಂದುವರಿಸಿದ.

ಶಾಲೆಯಲ್ಲಿ ಅವನು ಗಣಿತದ ಪ್ರತಿಭೆ. 1877ರಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಯಲ್ಲಿ ಗಣಿತಕ್ಕೆ ಮೊದಲ ಬಹುಮಾನ ಗಳಿಸಿದ. ಅವನು ಬಿಡಿಸಿದ ಲೆಕ್ಕ ಮರುವರ್ಷ ಗಣಿತ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಆದರೆ 1878ರಲ್ಲಿ ಪ್ರತಿಷ್ಠಿತ ಎಕೋಲ್ ನಾರ್ಮಲ್ ಸುಪೀರಿಯರ್ ಸೇರುವಾಗ ಆರಿಸಿಕೊಂಡದ್ದು ಮಾನವಿಕ ವಿಷಯಗಳನ್ನು. ಗಣಿತದ ಅಧ್ಯಾಪಕರಿಗೆ ಇದರಿಂದ ಬೇಸರವಾಯಿತು. ಮುಂದೆ ಫ್ರಾನ್ಸ್‌ನ ಸಮಾಜವಾದಿ ನಾಯಕನೆನಿಸಿದ ಝಾನ್ ಝೋರೆಸ್ ಅಲ್ಲಿ ಸಹಪಾಠಿ. ಸಮಾಜಶಾಸ್ತ್ರದ ಪ್ರವರ್ತಕ ಎಮಿಲ್ ದರ್ಖೈಮ್ ಒಂದು ವರ್ಷ ಕಿರಿಯ.

ಹಾರುವ ಬಾಣದ ಒಗಟು

1881ರಲ್ಲಿ ಪದವಿ ಮುಗಿಸಿದ ಬರ್ಗ್‌ಸನ್ ಮೊದಲು ಆಂಜೆ ಪಟ್ಟಣದಲ್ಲಿ, 1883ರಿಂದ ಕ್ಲೆರ್ಮಾಂ ಫೆರಾಂ ನಗರದಲ್ಲಿ ಶಾಲಾ ಅಧ್ಯಾಪಕರಾದರು. ಆಗ ಅವರು ಇಂಗ್ಲೆಂಡಿನ ವಿಕಾಸವಾದಿ ಹರ್ಬರ್ಟ್ ಸ್ಪೆನ್ಸರ್‌ನ ಅಭಿಮಾನಿ. ಆ ಸಿದ್ಧಾಂತದಲ್ಲಿ ಬರುವ ಕಾಲದ ಕಲ್ಪನೆಯನ್ನು ಇನ್ನಷ್ಟು ಗಟ್ಟಿಗೊಳಿಸಲು ಹೊರಟ ತರುಣನಿಗೆ ಅಚ್ಚರಿ ಕಾದಿತ್ತು. ವಿಜ್ಞಾನದ ಸಮೀಕರಣಗಳಲ್ಲಿರುವ ಕಾಲ ನಿಜವಾಗಿ ಸಾಗುವುದೇ ಇಲ್ಲ. ಇಡೀ ವಿಶ್ವದ ವೇಗ ಇಮ್ಮಡಿಯಾದರೂ ಆ ಸೂತ್ರಗಳಲ್ಲಿ ಏನೂ ತಿದ್ದಬೇಕಾಗಿಲ್ಲ ಎಂಬುದು ಅವರಿಗೆ ಹೊಳೆಯಿತು. ತಮ್ಮ ಚಿಂತನೆಯ ದಿಕ್ಕು ತಿರುಗಿದ್ದು ಆ ವರ್ಷಗಳಲ್ಲೇ ಎಂದು ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ ಅವರಿಗೆ 1908ರಲ್ಲಿ ಬರೆದ ಪತ್ರದಲ್ಲಿ ಬರ್ಗ್‌ಸನ್ ತಿಳಿಸಿದ್ದಾರೆ.

ಪಾರ್ಮೆನಿಡೀಸನ ಶಿಷ್ಯ ಜೀನೋನ ಒಗಟುಗಳು ಅವರಿಗೆ ದಾರಿ ತೋರಿದವು. ಹಾರುವ ಬಾಣ ಪ್ರತಿ ಕ್ಷಣದಲ್ಲೂ ಯಾವುದೋ ಒಂದು ಜಾಗದಲ್ಲಿ ಇದ್ದೇ ಇರುತ್ತದೆ. ಒಂದು ಜಾಗದಲ್ಲಿ ಇರುವುದೆಂದರೆ ನಿಂತಿರುವುದು. ಆದ್ದರಿಂದ ಬಾಣ ಹಾರುವುದೇ ಇಲ್ಲ ಎಂಬುದು ಜೀನೋನ ವಾದ. ಬರ್ಗ್‌ಸನ್ ಕೊಟ್ಟ ಉತ್ತರ ಸರಳ. ಬಾಣ ದಾಟಿದ ದಾರಿಯನ್ನು ಎಷ್ಟು ತುಂಡುಗಳಾಗಿಯಾದರೂ ಕತ್ತರಿಸಬಹುದು. ಆದರೆ ಹಾರಾಟವನ್ನು ಕತ್ತರಿಸಲಾಗದು. ಜೀನೋ ಚಲನೆಯನ್ನು ಅಳೆಯುವ ಬದಲು ಅದು ಬಿಟ್ಟುಹೋದ ಗೆರೆಯನ್ನು ಅಳೆದ. ನಿಂತ ಬಿಂದುಗಳನ್ನು ಎಷ್ಟು ಕೂಡಿಸಿದರೂ ಚಲನೆ ಹುಟ್ಟುವುದಿಲ್ಲ.

1889ರಲ್ಲಿ ಪ್ರಕಟವಾದ ಡಾಕ್ಟರೇಟ್ ಪ್ರಬಂಧದಲ್ಲಿ ಅವರು ಎರಡು ಬಗೆಯ ಕಾಲಗಳನ್ನು ಬೇರ್ಪಡಿಸಿದರು. ಒಂದು ಗಡಿಯಾರದ ಕಾಲ. ಅದು ಸಮಾನ ತುಂಡುಗಳಾಗಿ ಸಾಲಾಗಿ ಜೋಡಿಸಿದ್ದು. ಇನ್ನೊಂದು ಅನುಭವದ ಅಖಂಡ ಕಾಲ. ಅದನ್ನವರು ಫ್ರೆಂಚ್ ಭಾಷೆಯಲ್ಲಿ ದ್ಯುರೇ ಎಂದು ಕರೆದರು. ಇದಕ್ಕೆ ಸಂಗೀತಗಾರನ ಮಗ ಕೊಟ್ಟ ಉದಾಹರಣೆ ರಾಗದ್ದು. ರಾಗವನ್ನು ಕೇಳುವಾಗ ಸ್ವರಗಳು ಒಂದೊಂದಾಗಿ ಬಂದು ಮಾಯವಾಗುವುದಿಲ್ಲ. ಹಿಂದಿನ ಸ್ವರ ಮುಂದಿನದರಲ್ಲಿ ಕರಗಿ ಉಳಿದುಕೊಳ್ಳುತ್ತದೆ. ಹಾಗೆ ಉಳಿಯದಿದ್ದರೆ ಅದು ರಾಗವೇ ಆಗುವುದಿಲ್ಲ.

1896ರಲ್ಲಿ ಬಂದ ವಸ್ತು ಮತ್ತು ಸ್ಮೃತಿ ಎಂಬ ಗ್ರಂಥ ಈ ವಿಚಾರವನ್ನು ನೆನಪಿನ ಕ್ಷೇತ್ರಕ್ಕೆ ವಿಸ್ತರಿಸಿತು. ಕಳೆದದ್ದು ನಾಶವಾಗುವುದಿಲ್ಲ, ವರ್ತಮಾನದೊಳಗೆ ಸೇರಿಕೊಂಡು ಬದುಕುತ್ತದೆ ಎಂಬುದು ಅದರ ಸಾರ. ಇಳಿಜಾರಿನಲ್ಲಿ ಉರುಳುತ್ತ ದಪ್ಪಗಾಗುವ ಹಿಮದ ಉಂಡೆಯ ಹೋಲಿಕೆಯನ್ನು ಅವರು ಮುಂದೆ ಬಳಸಿದರು. ಅಂದರೆ ಬರ್ಗ್‌ಸನ್ ಹೇಳಿದ ಬದಲಾವಣೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದಲ್ಲ. ಹಳೆಯದನ್ನೆಲ್ಲ ಹೊತ್ತುಕೊಂಡೇ ಹೊಸದಾಗುವುದು. ಅವರ ಜೀವನದ ಕೊನೆಯ ಅಧ್ಯಾಯವನ್ನು ಅರಿಯಲು ಈ ಮಾತು ಕೀಲಿಕೈ.

ಕೀರ್ತಿಯ ಶಿಖರ

1900ರಲ್ಲಿ ಬರ್ಗ್‌ಸನ್ ಕಾಲೇಜ್ ದ ಫ್ರಾನ್ಸ್‌ನ ಪ್ರಾಧ್ಯಾಪಕರಾದರು. ಅಲ್ಲಿನ ಉಪನ್ಯಾಸಗಳು ಸಾರ್ವಜನಿಕರಿಗೆ ಮುಕ್ತ. ಸಭಾಂಗಣ ಕಿಕ್ಕಿರಿದು ತುಂಬುತ್ತಿತ್ತು. 1907ರಲ್ಲಿ ಪ್ರಕಟವಾದ ಸೃಜನಶೀಲ ವಿಕಾಸ ಎಂಬ ಗ್ರಂಥ ಅವರನ್ನು ಜಗದ್ವಿಖ್ಯಾತರನ್ನಾಗಿಸಿತು. ಜೀವವಿಕಾಸವು ಯಾಂತ್ರಿಕ ಕ್ರಿಯೆಯಲ್ಲ, ಮೊದಲೇ ಬರೆದಿಟ್ಟ ಯೋಜನೆಯೂ ಅಲ್ಲ, ಮುಂದೇನೆಂದು ಯಾರೂ ಹೇಳಲಾಗದ ನಿರಂತರ ಸೃಷ್ಟಿ ಎಂದು ಅಲ್ಲಿ ವಾದಿಸಿದರು. ನೀರಿಗೆ ಹಾಕಿದ ಸಕ್ಕರೆ ಕರಗುವವರೆಗೆ ಕಾಯಲೇಬೇಕು ಎಂಬ ಪುಟ್ಟ ಸಂಗತಿಯನ್ನು ಹಿಡಿದು, ಕಾಲಕ್ಕೆ ತನ್ನದೇ ತೂಕವಿದೆ ಎಂಬುದನ್ನು ಅವರು ತೋರಿಸಿದರು. ಮನುಷ್ಯನ ಬುದ್ಧಿ ಸಿನಿಮಾ ಯಂತ್ರದಂತೆ ಕೆಲಸ ಮಾಡುತ್ತದೆ, ನಿಶ್ಚಲ ಚಿತ್ರಗಳನ್ನು ಸಾಲಾಗಿ ಓಡಿಸಿ ಅದನ್ನೇ ಚಲನೆ ಎಂದು ನಂಬುತ್ತದೆ ಎಂದೂ ವಿವರಿಸಿದರು.

1911ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಬದಲಾವಣೆಯ ಗ್ರಹಿಕೆ ಕುರಿತು ಎರಡು ಉಪನ್ಯಾಸಗಳನ್ನು ನೀಡಿದರು. ಬದಲಾವಣೆ ಇದೆ, ಆದರೆ ಅದರಡಿಯಲ್ಲಿ ಬದಲಾಗುವ ಬೇರೊಂದು ಸ್ಥಿರ ವಸ್ತು ಇಲ್ಲ ಎಂಬ ದಿಟ್ಟ ನಿಲುವು ಅಲ್ಲಿ ಸ್ಪಷ್ಟವಾಯಿತು. 1913ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಅವರ ಮಾತು ಕೇಳಲು ಜನ ಮುಗಿಬಿದ್ದರು. 1914ರಲ್ಲಿ ಫ್ರೆಂಚ್ ಅಕಾಡೆಮಿಯ ಸದಸ್ಯತ್ವ ದೊರೆಯಿತು. ಅದೇ ವರ್ಷ ಕ್ಯಾಥೊಲಿಕ್ ಚರ್ಚ್ ಅವರ ಪುಸ್ತಕಗಳನ್ನು ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿಸಿತು.

ಟೀಕೆಗಳಿಗೂ ಕೊರತೆಯಿರಲಿಲ್ಲ. ಬ್ರಿಟನ್ನಿನ ಬರ್ಟ್ರಂಡ್ ರಸೆಲ್ 1912ರಲ್ಲೇ ಸುದೀರ್ಘ ಖಂಡನೆ ಬರೆದರು. ಭಾರತದಲ್ಲೂ ಬರ್ಗ್‌ಸನ್ ಗಂಭೀರ ಓದುಗರನ್ನು ಪಡೆದರು. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಸರ್ವಪಲ್ಲಿ ರಾಧಾಕೃಷ್ಣನ್ 1920ರಲ್ಲಿ ಪ್ರಕಟಿಸಿದ ಸಮಕಾಲೀನ ತತ್ತ್ವಶಾಸ್ತ್ರ ಕುರಿತ ಗ್ರಂಥದಲ್ಲಿ ಬರ್ಗ್‌ಸನ್‌ರ ವಿಚಾರಗಳನ್ನು ಒರೆಗೆ ಹಚ್ಚಿದ್ದಾರೆ.

ಐನ್‌ಸ್ಟೈನ್ ಎದುರು

1922ರ ಏಪ್ರಿಲ್ 6ರಂದು ಪ್ಯಾರಿಸ್‌ನ ತತ್ತ್ವಶಾಸ್ತ್ರ ಸಂಘದ ಸಭೆಯಲ್ಲಿ ಬರ್ಗ್‌ಸನ್ ಮತ್ತು ಆಲ್ಬರ್ಟ್ ಐನ್‌ಸ್ಟೈನ್ ಮುಖಾಮುಖಿಯಾದರು. ಸಾಪೇಕ್ಷತಾ ಸಿದ್ಧಾಂತ ಕಾಲವನ್ನು ಅಳೆಯುತ್ತದೆಯೇ ಹೊರತು ಕಾಲ ಎಂದರೇನು ಎಂಬುದನ್ನು ಪೂರ್ತಿ ಹೇಳುವುದಿಲ್ಲ ಎಂಬುದು ಬರ್ಗ್‌ಸನ್‌ರ ಆಕ್ಷೇಪ. ಭೌತವಿಜ್ಞಾನಿಯ ಕಾಲ ಮತ್ತು ಮನಸ್ಸಿನ ಕಾಲ ಇವೆರಡೇ ಇವೆ, ತತ್ತ್ವಜ್ಞಾನಿಗೆಂದು ಮೂರನೆಯದೊಂದು ಇಲ್ಲ ಎಂದು ಐನ್‌ಸ್ಟೈನ್ ಚುಟುಕಾಗಿ ಉತ್ತರಿಸಿದರು. ಅದೇ ವರ್ಷದ ಕೊನೆಗೆ ಐನ್‌ಸ್ಟೈನ್‌ಗೆ ನೊಬೆಲ್ ಬಂದದ್ದು ಸಾಪೇಕ್ಷತೆಗಲ್ಲ, ದ್ಯುತಿವಿದ್ಯುತ್ ಪರಿಣಾಮದ ನಿಯಮಕ್ಕೆ. ಪ್ರಶಸ್ತಿ ಪ್ರದಾನದ ಭಾಷಣದಲ್ಲಿ ಬರ್ಗ್‌ಸನ್‌ರ ಆಕ್ಷೇಪದ ಪ್ರಸ್ತಾಪವೂ ಬಂತು.

ಬರ್ಗ್‌ಸನ್ ಇಲ್ಲಿ ಎಡವಿದ್ದೂ ನಿಜ. ವೇಗವಾಗಿ ಚಲಿಸಿ ಮರಳಿದ ಗಡಿಯಾರ ಹಿಂದೆ ಬೀಳುತ್ತದೆ ಎಂಬುದನ್ನು ಅವರು ವಾಸ್ತವವೆಂದು ಒಪ್ಪಲಿಲ್ಲ. 1971ರಲ್ಲಿ ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿಟ್ಟು ಭೂಮಿ ಸುತ್ತಿಸಿದ ಪ್ರಯೋಗ ಐನ್‌ಸ್ಟೈನ್‌ರ ಲೆಕ್ಕವನ್ನೇ ಸಮರ್ಥಿಸಿತು. ಆದರೂ ಮನುಷ್ಯ ಬದುಕುವ ಕಾಲ ಗಡಿಯಾರದಲ್ಲಿ ಪೂರ್ತಿ ಹಿಡಿಯುತ್ತದೆಯೇ ಎಂಬ ಅವರ ಮೂಲ ಪ್ರಶ್ನೆ ತತ್ತ್ವಶಾಸ್ತ್ರದಲ್ಲಿ ಇನ್ನೂ ಜೀವಂತವಾಗಿದೆ.

ಅದೇ 1922ರಲ್ಲಿ ರಾಷ್ಟ್ರಸಂಘದ ಬೌದ್ಧಿಕ ಸಹಕಾರ ಸಮಿತಿಗೆ ಬರ್ಗ್‌ಸನ್ ಮೊದಲ ಅಧ್ಯಕ್ಷರಾದರು. ಐನ್‌ಸ್ಟೈನ್ ಮತ್ತು ಮೇರಿ ಕ್ಯೂರಿ ಅದರ ಸದಸ್ಯರು. 1930ರ ದಶಕದಲ್ಲಿ ರಾಧಾಕೃಷ್ಣನ್ ಅವರೂ ಅದರಲ್ಲಿದ್ದರು. 1927ನೇ ಸಾಲಿನ ಸಾಹಿತ್ಯ ನೊಬೆಲ್ ಬರ್ಗ್‌ಸನ್‌ರಿಗೆ 1928ರಲ್ಲಿ ಸಂದಿತು. ಅಷ್ಟರಲ್ಲಿ ಕೀಲುವಾತ ಅವರ ಕೈಕಾಲುಗಳನ್ನು ಕಟ್ಟಿಹಾಕಿತ್ತು. ಸ್ಟಾಕ್‌ಹೋಮ್‌ಗೆ ಪಯಣಿಸಲು ಆಗಲಿಲ್ಲ. ಚಲನೆಯನ್ನು ಕುರಿತು ಬರೆದ ವ್ಯಕ್ತಿ ಕುರ್ಚಿಗೆ ಅಂಟಿಕೊಂಡೇ 1932ರಲ್ಲಿ ನೀತಿ ಮತ್ತು ಧರ್ಮದ ಮೂಲಗಳನ್ನು ಕುರಿತ ತಮ್ಮ ಕೊನೆಯ ದೊಡ್ಡ ಕೃತಿಯನ್ನು ಪ್ರಕಟಿಸಿದರು.

ಬದಲಾಗದ ನಿರ್ಧಾರ

ಇಳಿವಯಸ್ಸಿನಲ್ಲಿ ಬರ್ಗ್‌ಸನ್‌ರ ಮನಸ್ಸು ಕ್ಯಾಥೊಲಿಕ್ ಧರ್ಮದತ್ತ ವಾಲಿತು. ಒಮ್ಮೆ ತಮ್ಮ ಪುಸ್ತಕಗಳನ್ನು ನಿಷೇಧಿಸಿದ್ದ ಧರ್ಮದಲ್ಲೇ ಅವರು ಯಹೂದಿ ಧರ್ಮದ ಪರಿಪೂರ್ಣತೆಯನ್ನು ಕಂಡರು. ಆದರೆ ಮತಾಂತರದ ಹೆಜ್ಜೆ ಇಡಲಿಲ್ಲ. 1937ರ ಫೆಬ್ರವರಿಯಲ್ಲಿ ಬರೆದ ಉಯಿಲಿನಲ್ಲಿ ಕಾರಣವನ್ನು ದಾಖಲಿಸಿದರು. ಯಹೂದಿ ದ್ವೇಷದ ಭೀಕರ ಅಲೆಯೊಂದು ಜಗತ್ತಿನ ಮೇಲೆ ಎರಗಲಿದೆ ಎಂಬುದನ್ನು ಅವರು ಮುಂಗಂಡಿದ್ದರು. ನಾಳೆ ಹಿಂಸೆಗೆ ಗುರಿಯಾಗಲಿರುವವರ ನಡುವೆಯೇ ಉಳಿಯುವುದು ಅವರ ಇಚ್ಛೆಯಾಗಿತ್ತು. ತಮ್ಮ ಅಂತ್ಯಸಂಸ್ಕಾರದಲ್ಲಿ ಕ್ಯಾಥೊಲಿಕ್ ಪಾದ್ರಿಯೊಬ್ಬರು ಪ್ರಾರ್ಥಿಸಲಿ ಎಂದಷ್ಟೇ ಕೋರಿಕೊಂಡರು.

1940ರ ಜೂನ್‌ನಲ್ಲಿ ಪ್ಯಾರಿಸ್ ನಾಜಿ ಸೇನೆಯ ವಶವಾಯಿತು. ಅಕ್ಟೋಬರ್‌ನಲ್ಲಿ ವಿಶಿ ಸರ್ಕಾರ ಯಹೂದಿಗಳನ್ನು ಸರ್ಕಾರಿ ಹುದ್ದೆಗಳಿಂದ ಹೊರಹಾಕುವ ಕಾನೂನು ತಂದಿತು. ಉಯಿಲಿನಲ್ಲಿ ಬರೆದದ್ದು ಅಕ್ಷರಶಃ ನಿಜವಾಗಿತ್ತು. 1941ರ ಜನವರಿ 4ರಂದು, ಆಕ್ರಮಿತ ಪ್ಯಾರಿಸ್‌ನಲ್ಲಿ, 81ನೇ ವಯಸ್ಸಿನಲ್ಲಿ ಬರ್ಗ್‌ಸನ್ ನಿಧನರಾದರು. ಐದು ದಿನಗಳ ಬಳಿಕ ಕವಿ ಪಾಲ್ ವಾಲೆರಿ ಫ್ರೆಂಚ್ ಅಕಾಡೆಮಿಯಲ್ಲಿ ಶ್ರದ್ಧಾಂಜಲಿ ಭಾಷಣ ಮಾಡಿದರು. ಪ್ಯಾರಿಸ್ ಸಮೀಪದ ಗಾರ್ಶ್ ಊರಿನ ಸ್ಮಶಾನದಲ್ಲಿ ಬರ್ಗ್‌ಸನ್‌ರ ಸಮಾಧಿಯಿದೆ.

ಮಹಾಯುದ್ಧದ ನಂತರ ಅವರ ಪ್ರಭಾವ ಮಂಕಾಯಿತು. 1966ರಲ್ಲಿ ಝೀಲ್ ದೆಲ್ಯೂಝ್ ಬರೆದ ಅಧ್ಯಯನ ಗ್ರಂಥ ಹೊಸ ಪೀಳಿಗೆಯ ಗಮನವನ್ನು ಮತ್ತೆ ಅತ್ತ ಸೆಳೆಯಿತು. 1967ರಲ್ಲಿ ಫ್ರಾನ್ಸ್ ಸರ್ಕಾರ ಪ್ಯಾರಿಸ್‌ನ ಪ್ಯಾಂಥಿಯಾನ್ ಸ್ಮಾರಕದಲ್ಲಿ ಅವರ ಹೆಸರನ್ನು ಕೆತ್ತಿಸಿತು.

ಬದಲಾವಣೆಯ ತತ್ತ್ವಜ್ಞಾನಿ ಕೊನೆಯಲ್ಲಿ ಬದಲಾಗಲಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರ ಅವರ ಬರಹದಲ್ಲೇ ಇದೆ. ಬದಲಾಗುವುದೆಂದರೆ ಕಳೆದದ್ದನ್ನು ಕಳಚಿ ಎಸೆಯುವುದಲ್ಲ ಎಂಬುದು ಅವರ ಸಿದ್ಧಾಂತ. ನಂಬಿಕೆಯಲ್ಲಿ ಅವರು ಬಹುದೂರ ಸಾಗಿ ಬಂದಿದ್ದರು. ಆದರೆ ವಾರ್ಸಾದ ಸಂಗೀತಗಾರ ಮತ್ತು ಇಂಗ್ಲೆಂಡಿನ ತಾಯಿಯಿಂದ ಬಂದ ಗುರುತನ್ನು ಆ ದಾರಿಯಲ್ಲಿ ಎಲ್ಲಿಯೂ ಇಳಿಸಿರಲಿಲ್ಲ. ಅದನ್ನು ಹೊತ್ತುಕೊಳ್ಳುವುದು ಅತ್ಯಂತ ಅಪಾಯಕರವಾಗಿದ್ದ ಹೊತ್ತಿನಲ್ಲೂ ಅವರು ಅದನ್ನು ಕೆಳಗಿಡಲಿಲ್ಲ.